ಬೆಲ್ಲ ನೀರು ಕುಡಿದ ಸಮಿತಿ

ಆಲೂರು ತಾಲ್ಲೂಕು ಕಚೇರಿಯ ಎದುರು ಇಪ್ಪತ್ತೆಂಟು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಕೂತವನು ನಾನು. ಅರ್ಜಿ ಬರೆಯುವುದು ನನ್ನ ಕಸುಬು. ಸರ್ಕಾರ ಕೆಟ್ಟದ್ದು ಮಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಸಿಟ್ಟು ಬರುತ್ತಿತ್ತು, ಎರಡು ದಿನ ಇದ್ದು ಹೋಗುತ್ತಿತ್ತು. ಆದರೆ ಅದೇ ಸರ್ಕಾರ ತಕ್ಕಡಿ ಹಿಡಿದು, ‘ಎರಡೂ ಕಡೆಯದನ್ನು ನ್ಯಾಯವಾಗಿ ತೂಗುತ್ತೇವೆ’ ಎಂದು ಬಂದು ಕೂತದ್ದನ್ನು ಒಂದೇ ಒಂದು ಸಲ ನೋಡಿದೆ. ಅವತ್ತು ಹತ್ತಿದ ಹೇಸಿಗೆ ಇವತ್ತಿಗೂ ಬಿಟ್ಟಿಲ್ಲ. ಅದರಲ್ಲಿ ನನ್ನ ಮೇಲಿನ ಹೇಸಿಗೆಯೂ ಒಂದು ಪಾಲು ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಹೇಳಬೇಕಾದದ್ದು ಗಂಗಾಮಣಿಯ ವಿಷಯ. ಪಾಳ್ಯ ಎಂಬ ಊರಿನಿಂದ ಪಶ್ಚಿಮಕ್ಕೆ, ಗದ್ದೆ ಮುಗಿದು ಕಾಫಿ ಗುಡ್ಡ ಶುರುವಾಗುವ ಕಡೆ ಹದಿನಾಲ್ಕು ಮನೆಯ ಒಂದು ಕೊಪ್ಪಲು. ಅಲ್ಲಿನ ಬೋರಯ್ಯನ ಹೆಂಡತಿ ಅವಳು. ಎರಡೆಕರೆ ಗದ್ದೆ, ಒಂದು ಜೊತೆ ಎತ್ತು, ಒಂದು ಎಮ್ಮೆ. ನನ್ನ ಹತ್ತಿರ ಮೊದಲ ಸಲ ಬಂದಾಗ ಅವಳಿಗೆ ನಲವತ್ತೈದು ದಾಟಿತ್ತು. ಓದು ಬರದು. ಬೋರಯ್ಯ ಜೊತೆಗೆ ಬಂದಿದ್ದ, ಆದರೆ ಮರದ ಕೆಳಗೆ ಬೀಡಿ ಹಚ್ಚಿಕೊಂಡು ದೂರ ಕೂತಿದ್ದ. ಮಾತೆಲ್ಲ ಅವಳದೇ.

“ಮಾದೇವಣ್ಣ, ನಮ್ಮ ಹಳ್ಳ ಹಾಳಾಗೋಗ್ಬುಟ್ಟೈತೆ. ದನಾನೂ ಮೂಸಲ್ಲ. ಯಾರಿಗೆ ಬರೀಬೇಕೋ ಅವರಿಗೆ ಬರೀರಿ,” ಎಂದಳು.

ಅದು ತೊಂಬತ್ತಾರರ ಜನವರಿ. ಹಿಂದಿನ ಎರಡು ವರ್ಷ ಕಾಫಿಗೆ ಯಾರೂ ಕಂಡು ಕೇಳರಿಯದ ಬೆಲೆ ಬಂದಿತ್ತು. ಆ ಬೆಲೆಯಲ್ಲಿ ಗುಡ್ಡದ ಮೇಲಿನ ಎಸ್ಟೇಟಿನ ಮಾಲೀಕ ರವಿಚಂದ್ರ ಹೊಸ ಪಲ್ಪರ್ ಮಿಷನ್ ಹಾಕಿಸಿದ. ಅವನನ್ನು ನೋಡಿ ಸುತ್ತಲಿನ ಎಂಟು ತೋಟದವರೂ ಹಾಕಿಸಿದರು. ಹಣ್ಣಿನ ಸಿಪ್ಪೆ ಸುಲಿದು, ಬೀಜವನ್ನು ನೀರಲ್ಲಿ ತೊಳೆಯುವ ಮಿಷನ್ ಅದು. ತೊಳೆದ ಕಾಫಿಗೆ ಬೆಲೆ ಹೆಚ್ಚು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಲ್ಲ. ಅದು ಹಳ್ಳಕ್ಕೆ ಹೋಗುತ್ತಿತ್ತು, ಹಳ್ಳ ಕೊಪ್ಪಲಿಗೆ ಬರುತ್ತಿತ್ತು.

ಆ ನೀರನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬಣ್ಣ ಹಳೇ ಕಷಾಯದ್ದು. ಮೇಲೆ ಒಂದು ಗೇಣು ನೊರೆ. ನಾತವಂತೂ ಕೊಳೆತ ಹಲಸಿನ ತೊಳೆಯ ಮೇಲೆ ಯಾರೋ ವಾಂತಿ ಮಾಡಿದ ಹಾಗೆ. ಕಾಲಿಟ್ಟರೆ ಮೊಣಕಾಲಿನವರೆಗೆ ತುರಿಕೆ. ಡಿಸೆಂಬರಿನಲ್ಲಿ ಶುರುವಾದರೆ ಫೆಬ್ರವರಿ ಕಡೆಯವರೆಗೆ ಹಾಗೇ. ಊರಲ್ಲೊಂದು ಕೈಪಂಪು ಇತ್ತು. ಅದರ ನೀರು ತುಕ್ಕಿನ ಬಣ್ಣದ್ದು, ಅನ್ನ ಮಾಡಿದರೆ ಕೆಂಪಗಾಗುತ್ತಿತ್ತು. ಆಮೇಲೆ ಅದೂ ಕೆಟ್ಟು ನಿಂತಿತು. ಉಳಿದದ್ದು ಊರ ಹಿಂದಿನ ಗುಡ್ಡದ ನೆತ್ತಿಯ ಹತ್ತಿರ ಇರುವ ಒಂದು ಚಿಲುಮೆ. ಹೋಗಿ ಬರಲು ಮೂರು ಮೈಲಿ. ಹೋಗುವಾಗ ಏರು, ಬರುವಾಗ ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಇಳಿಜಾರು. ದಿನಕ್ಕೆ ಮೂರು ಸಲ.

ಮೂರು ವರ್ಷದಲ್ಲಿ ಅವಳ ಪರವಾಗಿ ಹದಿನೇಳು ಅರ್ಜಿ ಬರೆದೆ. ಹೆಬ್ಬೆಟ್ಟು ಒತ್ತುವಾಗ ಅವಳು ಕಾಗದಕ್ಕೆ ಒಂದು ಸಲ ಕೈಮುಗಿಯುತ್ತಿದ್ದಳು. ನನಗೆ ನಗು ಬರುತ್ತಿತ್ತು. ನನ್ನ ಕಾಗದಗಳ ಹಣೆಬರಹ ನನಗೆ ಗೊತ್ತಿತ್ತಲ್ಲ!

ಆದರೆ ತೊಂಬತ್ತೊಂಬತ್ತರಲ್ಲಿ ನಿಜವಾಗಿಯೂ ಒಂದು ನಿಯಮ ಬಂತು. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡಕೂಡದು, ತೋಟದೊಳಗೇ ತೊಟ್ಟಿ ಕಟ್ಟಿ ಅದರಲ್ಲೇ ತಡೆದಿಡಬೇಕು, ತಪ್ಪಿದರೆ ಮಿಷನ್‌ಗೆ ಬೀಗ. ಆ ಚಳಿಗಾಲ ತೋಟದವರು ಗೊಣಗಿಕೊಂಡೇ ಸದ್ಯಕ್ಕೆಂದು ಮಣ್ಣಿನ ಗುಂಡಿ ತೋಡಿದರು. ಹಳ್ಳ ತಿಳಿಯಾಯಿತು. ಗಂಗಾಮಣಿ ಒಂದು ಚೀಲ ಅವರೆಕಾಯಿ ಹೊತ್ತು ತಂದು ನನ್ನ ಟೈಪ್‌ರೈಟರಿನ ಪಕ್ಕ ಸುರಿದು, “ನಿಮ್ಮ ಮಿಷನ್ನು ದೊಡ್ಡದು ಕಣಣ್ಣ, ಅವರ ಮಿಷನ್‌ಗಿಂತ,” ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕಸುಬಿಗೆ ಸಿಕ್ಕ ಮರ್ಯಾದೆ ಅದೊಂದೇ.

ಎರಡು ಚಳಿಗಾಲ ಅವಳು ಗುಡ್ಡ ಹತ್ತಲಿಲ್ಲ.

ಅಷ್ಟರಲ್ಲಿ ಕಾಫಿ ಬೆಲೆ ಪಾತಾಳಕ್ಕೆ ಬಿತ್ತು. ಅದು ಸುಳ್ಳಲ್ಲ. ಹಾನುಬಾಳಿನ ಕಡೆ ಎಸ್ಟೇಟಿನ ಕೂಲಿ ಲೈನುಗಳಲ್ಲಿ ಆಳುಗಳನ್ನೇ ಕಮ್ಮಿ ಮಾಡಿದ್ದರು. ಮಣ್ಣಿನ ಗುಂಡಿ ಸಾಲದು, ಕಲ್ಲು ಸಿಮೆಂಟಿನ ತೊಟ್ಟಿಯೇ ಆಗಬೇಕು ಎಂದು ಕೊಟ್ಟಿದ್ದ ಗಡುವು ಹತ್ತಿರ ಬಂದಾಗ ತೋಟದವರೆಲ್ಲ ಒಟ್ಟಾಗಿ ಬೆಂಗಳೂರಿಗೆ ಹೋದರು. ಸರ್ಕಾರ ಒಂದು ಆದೇಶ ಹೊರಡಿಸಿತು. ಅದನ್ನು ನಾನೇ ಓದಿದ್ದೇನೆ: ಈ ನಿಯಮದಿಂದ ಯಾರಿಗೆ ಎಷ್ಟು ಖರ್ಚು, ಯಾರಿಗೆ ಎಷ್ಟು ಪ್ರಯೋಜನ ಎಂದು ಒಂದು ಸಮಿತಿ ತೂಗಿ ನೋಡುವುದು, ಪ್ರಯೋಜನಕ್ಕಿಂತ ಖರ್ಚು ಹೆಚ್ಚಾದರೆ ನಿಯಮ ಸಡಿಲಿಸುವುದು, ಅಲ್ಲಿಯವರೆಗೆ ನಿಯಮಕ್ಕೆ ತಡೆ. ಓದಿದಾಗ ನನಗೆ ತಪ್ಪೇನೂ ಕಾಣಲಿಲ್ಲ. ತೂಗುವುದು ಒಳ್ಳೆಯದೇ ಅಲ್ಲವೇ? ತೂಗಿದರೆ ನಾವೇ ಗೆಲ್ಲುತ್ತೇವೆ ಎಂದುಕೊಂಡೆ. ಅಷ್ಟು ದಡ್ಡ ನಾನು.

ಎರಡು ಸಾವಿರದ ಒಂದರ ನವೆಂಬರಿನಲ್ಲಿ ಗಂಗಾಮಣಿ ಒಬ್ಬಳೇ ಬಂದಳು. ಎಲೆಅಡಿಕೆ ಚೀಲದಿಂದ ಮಡಿಸಿದ ಒಂದು ಚೀಟಿ ತೆಗೆದುಕೊಟ್ಟಳು. ಹಾಸನದ ಆಸ್ಪತ್ರೆಯ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಬರೆದದ್ದು.

“ಏನ್ ಬರ್ದವ್ರೆ ಓದಿ ಹೇಳಣ್ಣ.”

ಓದಿದೆ. ನನ್ನ ಮುಖ ಬಿಸಿಯಾಯಿತು. ಗರ್ಭಕೋಶ ಜಾರಿದೆ, ಭಾರ ಹೊತ್ತು ಹೊತ್ತು ಆದದ್ದು, ಇನ್ನು ಕೊಡ ಎತ್ತಿದರೆ ಪೂರ್ತಿ ಹೊರಗೆ ಬರುತ್ತದೆ ಎಂದಿತ್ತು. ಒಬ್ಬ ಹೆಂಗಸಿಗೆ ಇದನ್ನು ಹೇಗೆ ಹೇಳುವುದು? “ಭಾರ ಎತ್ತಬಾರದಂತೆ, ಖಂಡಿತ ಎತ್ತಬಾರದಂತೆ” ಎಂದೆ.

“ಅದನ್ನ ಆಯಮ್ಮನೂ ಹೇಳುದ್ರು. ಈ ವರ್ಸ ಹಳ್ಳ ಕುಡಿಯಂಗೆ ಇರ್ತದೋ ಇಲ್ವೋ, ಅದನ್ನ ಹೇಳಿ.”

“ಸಮಿತಿ ಬರುತ್ತೆ. ನೋಡಿ ತೀರ್ಮಾನ ಮಾಡ್ತಾರೆ. ಈ ಚೀಟಿ ತೋರಿಸಿದರೆ ಸಾಕು ಗಂಗಮ್ಮ, ನಿಯಮ ಹಾಗೇ ಉಳಿಯುತ್ತೆ.”

ಅವಳು ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಚೀಲಕ್ಕೆ ತುರುಕಿದಳು. “ಇದನ್ನೆಲ್ಲ ಗಂಡಸರ ಮುಂದೆ ಹರವೋದಾ? ನೀವೂ ಬಾಯಿ ಬಿಡಕೂಡದು. ಆಣೆ ಮಾಡಿ.” ನಾನು ಆಣೆ ಮಾಡಿದೆ.

ಡಿಸೆಂಬರಿನಲ್ಲಿ ಹಳ್ಳ ಮತ್ತೆ ಕಪ್ಪಾಯಿತು. ಅಕ್ಕಪಕ್ಕದವರು ಆಗೀಗ ಒಂದೊಂದು ಕೊಡ ತಂದುಕೊಡುತ್ತಿದ್ದರು, ಬೋರಯ್ಯನೂ ಮೊದಮೊದಲು ಹೆಗಲ ಮೇಲೆ ಎರಡು ಡಬ್ಬ ಹೊತ್ತ. ಆಮೇಲೆ ಅವನಿಗೆ ಕಣ, ಒಕ್ಕಣೆ, ಹುಲ್ಲು ಅಂತ ಕೆಲಸ ಬಂತು. ನೀರು ಹೆಂಗಸಿನ ಕೆಲಸ, ಹೆಂಗಸಿಗೇ ಬಂತು.

ಸಮಿತಿ ಬಂದದ್ದು ಜನವರಿ ಎರಡನೇ ವಾರ, ಬೆಳಿಗ್ಗೆ ಹನ್ನೊಂದಕ್ಕೆ. ಗುಡ್ಡದ ಕಡೆಯಿಂದ ಎರಡು ಜೀಪು. ಒಂದು ಸರ್ಕಾರದ್ದು, ಇನ್ನೊಂದು ರವಿಚಂದ್ರನ ಎಸ್ಟೇಟಿನದ್ದು. ಕೂರುವ ಪ್ಲಾಸ್ಟಿಕ್ ಕುರ್ಚಿಗಳೂ ಎಸ್ಟೇಟಿನದೇ. ಹಿಂದಿನ ದಿನ ಅವರು ಎಸ್ಟೇಟ್ ಬಂಗಲೆಯಲ್ಲಿ ಉಂಡು ಮಲಗಿ, ಖರ್ಚಿನ ಕಡೆಯನ್ನು ತೂಗಿ ಮುಗಿಸಿದ್ದರು. ಇವತ್ತು ಪ್ರಯೋಜನದ ಕಡೆ.

ಬಂದವರು ಮೂವರು. ಅಧ್ಯಕ್ಷರು ನಿವೃತ್ತಿಗೆ ಹತ್ತಿರವಾದ ದಪ್ಪ ಮನುಷ್ಯ. ನೀರು ಪರೀಕ್ಷೆಗೆ ಒಬ್ಬ ಇಂಜಿನಿಯರ್, ಅವನ ಕೈಯಲ್ಲಿ ಎರಡು ಖಾಲಿ ಬಾಟಲಿ. ಫಾರಂ ತುಂಬಲು ಚೈತ್ರಶ್ರೀ ಎಂಬ ಹುಡುಗಿ, ಈಗ ತಾನೇ ಕೆಲಸಕ್ಕೆ ಸೇರಿದವಳು. ಅರ್ಜಿಯ ಮೇಲೆ ಮೊದಲ ಹೆಸರು ಗಂಗಾಮಣಿಯದಾದ್ದರಿಂದ ಕುರ್ಚಿ ಹಾಕಿದ್ದು ಅವಳ ಮನೆಯ ಮುಂದೆ. ಹಳ್ಳ ಮನೆಯ ಹಿಂದೆ, ಅಲ್ಲಿಂದ ಒಂದು ಫರ್ಲಾಂಗ್. ಜೀಪಿನಿಂದ ಇಳಿದವರೇ ಅಧ್ಯಕ್ಷರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು. ನನಗೆ ಸಂತೋಷವಾಯಿತು. ಮೂಗಿಗೆ ಬಂದದ್ದು ಕಾಗದಕ್ಕೂ ಬರುತ್ತದೆ ಎಂದುಕೊಂಡೆ.

ಅವರು ಕೂರುತ್ತಿದ್ದ ಹಾಗೇ ಗಂಗಾಮಣಿ ಹೊರಗೆ ಬಂದಳು. ಕೆಂಪು ಅಂಚಿನ ಸೀರೆ, ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಬೆಲ್ಲದ ಚೂರುಗಳು. ಪಕ್ಕದಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬು, ಲೋಟ. ನಮ್ಮ ಕಡೆ ಯಾರೇ ಹೊಸಿಲಿಗೆ ಬರಲಿ, ಮಾತಿಗೆ ಮುಂಚೆ ಬೆಲ್ಲ ನೀರು. ಜಗಳಕ್ಕೆ ಬಂದವನಿಗೂ ಬೆಲ್ಲ ನೀರು ಕೊಟ್ಟು ಆಮೇಲೆ ಜಗಳ. ಮೂವರೂ ಕುಡಿದರು. ಡ್ರೈವರುಗಳು ಕುಡಿದರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಡಿದ, ಸೇರಿದ್ದ ಊರವರು ಕುಡಿದರು. ನಾನೂ ಎರಡು ಲೋಟ ಕುಡಿದೆ. ಅಧ್ಯಕ್ಷರು ಮೂರು ಕುಡಿದು, “ಆಹಾ, ಫ್ರಿಜ್ಜಿನ ನೀರು ಇದರ ಮುಂದೆ ಏನೂ ಅಲ್ಲ,” ಎಂದರು. ಗಂಗಾಮಣಿಯ ಮುಖ ಅರಳಿತು.

ಆಮೇಲೆ ಚೈತ್ರಶ್ರೀ ಫಾರಂ ತೆಗೆದಳು.

“ನೀರು ತರೋದಕ್ಕೆ ದಿನಕ್ಕೆ ಎಷ್ಟು ಹೊತ್ತು ಬೇಕಾಗುತ್ತೆ ನಿಮಗೆ?”

“ಕೋಳಿ ಕೂಗೋ ಹೊತ್ಗೆ ಹೊಂಟ್ರೆ ಬಿಸ್ಲು ಏರೋ ಹೊತ್ಗೆ ಎರಡು ಸಲ ಆಯ್ತದೆ ಕಣವ್ವ. ಬೈಗಿಗೆ ಇನ್ನೊಂದು ಸಲ.”

“ಅಂದರೆ ಐದು ಗಂಟೆ ಅಂತ ಬರೀಲಾ? ಆ ಹೊತ್ತಲ್ಲಿ ಕೂಲಿಗೆ ಹೋಗ್ತಿದ್ರಾ?”

“ನಾನ್ಯಾಕೆ ಕೂಲಿಗೆ ಹೋಗ್ಲಿ? ನಮ್ಗೆ ಗದ್ದೆ ಐತೆ.”

ಚೈತ್ರಶ್ರೀ ಅಧ್ಯಕ್ಷರ ಮುಖ ನೋಡಿದಳು. “ಹಾಗಾದರೆ ಆದಾಯ ನಷ್ಟ ಇಲ್ಲ. ಸೊನ್ನೆ ಹಾಕಮ್ಮ,” ಎಂದರು ಅವರು.

ನಾನು ಮಧ್ಯೆ ಬಾಯಿ ಹಾಕಿದೆ. “ಸಾರ್, ಐದು ಗಂಟೆ ಸೊನ್ನೆ ಹೇಗಾಗುತ್ತೆ? ದಿನಕ್ಕೆ ಒಂಬತ್ತು ಮೈಲಿ.”

“ನೋಡಿ ಇವರೇ, ಭಾವನೆ ಬೇರೆ, ಲೆಕ್ಕ ಬೇರೆ. ಯಾರೂ ಹಣ ಕೊಡದ ಕೆಲಸಕ್ಕೆ ನಾನು ಎಲ್ಲಿಂದ ಬೆಲೆ ತರಲಿ?”

ಮುಂದಿನ ಪ್ರಶ್ನೆ ಕಾಯಿಲೆಯದು. “ಹಳ್ಳದ ನೀರಿಂದ ಮನೇಲಿ ಯಾರಿಗಾದರೂ ಕಾಯಿಲೆ? ಆಸ್ಪತ್ರೆ ಖರ್ಚಿನ ರಸೀದಿ?” ಗಂಗಾಮಣಿಯ ಕೈ ಎಲೆಅಡಿಕೆ ಚೀಲದ ಮೇಲೆ ಹೋಯಿತು. ನನ್ನನ್ನೊಮ್ಮೆ ನೋಡಿದಳು. ಸುತ್ತ ಇಪ್ಪತ್ತು ಗಂಡಸರು. ಪಕ್ಕದಲ್ಲೇ ಬೋರಯ್ಯ. “ಏನಿಲ್ಲ ಸ್ವಾಮಿ, ದೇವರು ಚೆನ್ನಾಗಿಟ್ಟವ್ನೆ,” ಎಂದಳು. ಚೈತ್ರಶ್ರೀ ಮತ್ತೊಂದು ಸೊನ್ನೆ ಹಾಕಿದಳು. ನಾನು ಆಣೆಗೆ ಕಟ್ಟುಬಿದ್ದು ನೆಲ ನೋಡಿದೆ. ಆ ಹುಡುಗಿಯನ್ನು ಒಂದು ನಿಮಿಷ ಒಳಗೆ ಕಳಿಸಿ, ಹೆಂಗಸರಿಬ್ಬರೇ ಮಾತಾಡಲಿ ಎನ್ನಬಹುದಿತ್ತು. ಹೊಳೆಯಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಮನೆಗೆ ಹೋಗಿ ಮಲಗಿದಾಗ ಹೊಳೆಯಿತು.

ಗಂಗಾಮಣಿ ಚೊಂಬು ಲೋಟ ಎತ್ತಿಕೊಂಡು ಹಿತ್ತಿಲಿಗೆ ಹೋದಳು. “ಸಾರ್, ಏನೇ ಆಗಲಿ ಹಳ್ಳ ನೋಡಿ ಬನ್ನಿ,” ಎಂದೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡು, “ನಮ್ಮ ಇಂಜಿನಿಯರ್ ನೋಡ್ತಾರೆ, ಸ್ಯಾಂಪಲ್ ತರ್ತಾರೆ. ಅದು ಲ್ಯಾಬಿಗೆ ಹೋಗುತ್ತೆ. ನೀರೇ ಸಾಕ್ಷಿ ಹೇಳುತ್ತಲ್ಲ, ಬಿಡಿ,” ಎಂದರು. ಇಂಜಿನಿಯರ್ ಬಾಟಲಿ ಹಿಡಿದು ಮನೆಯ ಹಿಂದಕ್ಕೆ ಹೋದ. ನನಗೆ ಸಮಾಧಾನವಾಯಿತು. ಫಾರಮ್ಮಿನಲ್ಲಿ ಎಷ್ಟು ಸೊನ್ನೆಯಾದರೂ ಇರಲಿ, ಆ ಕಪ್ಪು ನೀರು ಬಾಟಲಿಯಲ್ಲಿ ಬೆಂಗಳೂರಿಗೆ ಹೋದರೆ ಸಾಕು. ನಾನು ಅಧ್ಯಕ್ಷರೊಡನೆ ಆ ಸೊನ್ನೆಗಳ ವಿಷಯ ವಾದ ಮಾಡುತ್ತ ನಿಂತೆ. ಇಂಜಿನಿಯರ್ ಹತ್ತು ನಿಮಿಷದಲ್ಲಿ ತಿರುಗಿ ಬಂದು ಬಾಟಲಿಗಳನ್ನು ಚೀಲಕ್ಕಿಟ್ಟ. ಹಳ್ಳದ ದಾರಿಯುದ್ದಕ್ಕೂ ಗದ್ದೆಯ ಕೆಸರು. ನಾನು ಅವನ ಬೂಟು ನೋಡಬೇಕಿತ್ತು. ನೋಡಲಿಲ್ಲ.

ಊಟದ ಹೊತ್ತಾಗಿತ್ತು. ಜೀಪುಗಳು ಬಂಗಲೆಯ ಕಡೆಗೆ ಹೋದವು.

ವರದಿಯ ಪ್ರತಿ ನನ್ನ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಗಾದೆ ಹೇಳುತ್ತಿದ್ದೆವು, ಅಚ್ಚಾದ ಕಾಗದದಲ್ಲಿ ನೋಡಿರಲಿಲ್ಲ. ಖರ್ಚಿನ ಕಡೆ ಎರಡು ಪುಟ: ಕಲ್ಲು, ಸಿಮೆಂಟ್, ಪಂಪು, ಡೀಸೆಲ್, ತೊಟ್ಟಿಗೆ ಹೋಗುವ ಜಾಗ, ಆ ಜಾಗದಲ್ಲಿ ಕೀಳುವ ಕಾಫಿ ಗಿಡ, ಆ ಗಿಡಗಳು ಇನ್ನು ಇಪ್ಪತ್ತು ವರ್ಷ ಕೊಡಬಹುದಾಗಿದ್ದ ಫಸಲು. ಅದರ ಕೆಳಗೆ ಒಂದು ಸಾಲು ಇತ್ತು: ತೊಟ್ಟಿಯ ಮೇಲ್ವಿಚಾರಣೆಗೆ ಮಾಲೀಕರು ವ್ಯಯಿಸುವ ಸಮಯ, ದಿನಕ್ಕೆ ಒಂದು ಗಂಟೆ. ಅದಕ್ಕೆ ಬೆಲೆ ಕಟ್ಟಿದ್ದರು! ರವಿಚಂದ್ರ ತೊಟ್ಟಿಯ ದಂಡೆಯಲ್ಲಿ ಕೈಕಟ್ಟಿ ನಿಲ್ಲುವ ಒಂದು ಗಂಟೆಗೆ ಬೆಲೆ ಇತ್ತು. ಗಂಗಾಮಣಿ ಕೊಡ ಹೊತ್ತ ಐದು ಗಂಟೆಗೆ ಇರಲಿಲ್ಲ.

ಪ್ರಯೋಜನದ ಕಡೆ ಅರ್ಧ ಪುಟ. ಆದಾಯ ನಷ್ಟ ಸೊನ್ನೆ, ವೈದ್ಯಕೀಯ ವೆಚ್ಚ ಸೊನ್ನೆ. ಸ್ಥಳದಲ್ಲಿ ಕಂಡುಬಂದ ದುರ್ವಾಸನೆಗೆ ಗ್ರಾಮಸ್ಥರ ತಿಪ್ಪೆಗಳು ಕಾರಣ. ಆದರೂ ನೀರಿನ ಪರೀಕ್ಷೆ ಇದೆಯಲ್ಲ ಎಂದು ಪುಟ ತಿರುಗಿಸಿದೆ. ‘ಅರ್ಜಿದಾರರ ಮನೆಯಲ್ಲೇ ಸಂಗ್ರಹಿಸಿದ ಎರಡೂ ಮಾದರಿಗಳು ಕುಡಿಯಲು ಸಂಪೂರ್ಣ ಯೋಗ್ಯ. ಸಮಿತಿಯ ಸದಸ್ಯರೂ ಈ ನೀರನ್ನು ಸ್ವತಃ ಕುಡಿದಿದ್ದು, ಅದು ಸ್ವಚ್ಛವೂ ರುಚಿಕರವೂ ಆಗಿತ್ತು. ಆದ್ದರಿಂದ ನಿಯಮದಿಂದ ಆಗುವ ಪ್ರಯೋಜನ ಶೂನ್ಯ.’

ಅವತ್ತೇ ಬಸ್ಸು ಹಿಡಿದು ಕೊಪ್ಪಲಿಗೆ ಹೋದೆ. ಗಂಗಾಮಣಿ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಓದಿ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

“ನಮ್ಮನೇಲಾ? ಆ ಬಾಟ್ಲಿಯೋರು ಹಿತ್ಲಿಗೆ ಬಂದು, ‘ನೀರು ಎಲ್ಲಮ್ಮ’ ಅಂದ್ರು. ಕುಡಿಯಕ್ಕೆ ಕೇಳ್ತಾವ್ರೆ, ದಾರಿಗೆ ತಗಂಡೋಯ್ತಾರೆ ಅಂದ್ಕಂಡೆ. ಬಾಟ್ಲಿ ಇಸ್ಕಂಡು ನಾನೇ ತೊಳೆದು, ಕೊಡದಲ್ಲಿ ಇದ್ದುದನ್ನ ಬಗ್ಗಿಸಿ ತುಂಬಿಕೊಟ್ಟೆ. ಬಾಯಿಗಂಟ ತುಂಬ್ದೆ ಮಾದೇವಣ್ಣ. ಅಷ್ಟೊತ್ತು ಹಿತ್ಲು ಕಲ್ ಮೇಲೆ ಕೂತು ಬೀಡಿ ಸೇದುದ್ರು.”

“ಯಾವ ಕೊಡ?”

“ಗುಡ್ಡದ್ದು. ನೀವೆಲ್ಲ ಕುಡುದ್ರಲ್ಲ, ಅದೇಯ. ದೊಡ್ಡೋರು ಬತ್ತಾರೆ, ಇಪ್ಪತ್ತು ಮೂವತ್ತು ಜನ ಆಯ್ತಾರೆ ಅಂತ ಅವತ್ತು ನಾಕು ಸಲ ಹೋಗಿದ್ದೆ.”

ನಾಕು ಸಲ! ಡಾಕ್ಟರ ಚೀಟಿ ಸೊಂಟದ ಚೀಲದಲ್ಲಿಟ್ಟುಕೊಂಡು, ಕತ್ತಲಲ್ಲೆದ್ದು, ನಾಕು ಸಲ. ಅದನ್ನೇ ಅವರು ಅವಳ ವಿರುದ್ಧ ಸಾಕ್ಷಿ ಮಾಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇಂಥವರಿಗೇ. ಆದರೆ ಉಂಡವರಲ್ಲಿ ನಾನೂ ಇದ್ದೆನಲ್ಲ! ಆ ಚೀಟಿ ಓದಿದವನು ನಾನೊಬ್ಬನೇ. ಎರಡು ಲೋಟ ಗಟಗಟ ಕುಡಿಯುವಾಗ ಈ ನೀರು ಎಲ್ಲಿಂದ ಬಂತು, ಹೊತ್ತವರು ಯಾರು ಎಂದು ಕೇಳಲಿಲ್ಲ. ಸಮಿತಿ ಹಾಕಿದ ಸೊನ್ನೆಗಳಲ್ಲಿ ಒಂದು ನನ್ನದೂ ಹೌದು.

ಆ ಸಿಟ್ಟನ್ನು ಅವಳ ಮೇಲೇ ತೀರಿಸಿಕೊಂಡೆ. “ಹಳ್ಳದ ನೀರು ಕುಡಿಸಬೇಕಿತ್ತು ಕಣಮ್ಮ ಅವರಿಗೆ! ಬೆಲ್ಲ ಬೇರೆ ಕೇಡು! ಮತ್ತೆ ಅಪೀಲು ಹಾಕ್ತೀನಿ, ಮತ್ತೆ ಬರ್ತಾರೆ. ಆಗ ಆ ಕಪ್ಪು ನೀರನ್ನೇ ಚೊಂಬಿಗೆ ತುಂಬಿ ಮುಂದೆ ಇಡು.”

ಅವಳು ಮತ್ತೆ ಮೊರ ಎತ್ತಿಕೊಂಡಳು. “ಇಡ್ತೀನಿ ಅಂತ ಬಾಯಲ್ಲಿ ಹೇಳ್ಬೋದು. ಮನೇಗ್ ಬಂದೋರಿಗೆ ಹೊಲಸು ನೀರು ಕೊಡಕ್ಕೆ ಕೈ ಬರಬೇಕಲ್ಲ ಮಾದೇವಣ್ಣ. ನಿಮ್ಮನೆಯೋರು ಕೊಡ್ತಾರಾ?”

ನಾನು ವರದಿಯನ್ನು ಮಡಚಿ ಚೀಲಕ್ಕಿಟ್ಟೆ.

ನಿಯಮ ಸಡಿಲವಾಯಿತು. ಸಣ್ಣ ಪಲ್ಪರ್‌ಗಳಿಗೆ ವಿನಾಯಿತಿ. ಯಾವುದು ಸಣ್ಣದು ಎಂಬ ಅಳತೆ ಎಂಥದೋ, ಒಂಬತ್ತಕ್ಕೆ ಒಂಬತ್ತೂ ಸಣ್ಣವೇ ಆದವು. ನಾನು ಅಪೀಲು ಬರೆದೆ. ಅದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಹೋದದ್ದು ಮುಂದಿನ ಜನವರಿಯಲ್ಲಿ. ಕೊಪ್ಪಲಿಗೆ ಇನ್ನೂ ಅರ್ಧ ಮೈಲಿ ಇರುವಾಗಲೇ ನಾತ ಮೂಗಿಗೆ ಬಡಿಯಿತು.

ಗಂಗಾಮಣಿ ಸೊರಗಿದ್ದಳು. ಕಾಲು ಅಗಲಿಸಿ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಜಗುಲಿಯ ಮೇಲೆ ಕೂರುವ ಮುಂಚೆಯೇ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು.

“ಬೇಡ ಗಂಗಮ್ಮ, ಈಗ ತಾನೇ ಕುಡಿದು ಬಂದೆ,” ಎಂದೆ.

ಅವಳ ಮುಖ ಸಣ್ಣಗಾಯಿತು. “ಹಳ್ಳದ್ದಲ್ಲ ಕಣಣ್ಣ. ಗುಡ್ಡದ್ದು. ನಾನೇ ತಂದಿದ್ದು, ಕುಡೀರಿ.”

ಇನ್ನು ಬೇಡ ಎನ್ನುವುದು ಹೇಗೆ? ಚೊಂಬೆತ್ತಿ ಕುಡಿದೆ. ತಣ್ಣಗಿತ್ತು. ಸ್ವಚ್ಛವೂ ರುಚಿಕರವೂ ಆಗಿತ್ತು. ಅವಳು ನೋಡುತ್ತಿದ್ದಾಳೆಂದು ಕಡೆಯ ಹನಿಯವರೆಗೂ ಕುಡಿದೆ. ಅವಳು ಸಮಾಧಾನದಿಂದ ಹೆಬ್ಬೆಟ್ಟು ಒತ್ತಿ, ಕಾಗದಕ್ಕೆ ಕೈಮುಗಿದಳು. ಆಮೇಲೆ ಒಳಗೆ ಹೋಗಿ, ನನ್ನಿಂದಾಗಿ ತಳ ಕಂಡಿದ್ದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಗೋಡೆ ಹಿಡಿದು ಹೊಸಿಲು ದಾಟಿ ಗುಡ್ಡದ ಕಡೆ ಹೊರಟಳು.